ನೀರು ಬಿಟ್ಟ ಮರುದಿನ ಒದ್ದೆಯಾಗುತ್ತಿದ್ದ ಗೋಡೆ

ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ‘ಕೆಳಗಿನ ಗೋಡೆ’ ಎಂಬ ತಲೆಬರಹದಡಿ ಮೂರು ವರ್ಷದಲ್ಲಿ 1,18,000 ರೂಪಾಯಿ ಸೇರಿತ್ತು. ಅಷ್ಟಾದರೂ ಗೋಡೆ ಒಣಗಿರಲಿಲ್ಲ. ಕೊನೆಗೆ ಅದನ್ನು ಒಣಗಿಸಿದ ಕೆಲಸಕ್ಕೆ ತಗುಲಿದ್ದು 29,500. ಮನೆ ಕಟ್ಟಿಸುವವರಿಗೂ ಕಟ್ಟಿದ ಮನೆ ಕೊಳ್ಳುವವರಿಗೂ ಈ ಎರಡು ಅಂಕಿಗಳ ನಡುವಿನ ಕಥೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಬೆಂಗಳೂರಿನ ಇಳಿಜಾರು ಬಡಾವಣೆಯೊಂದರಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು. 2011ರಲ್ಲಿ ಮನೆ ಕಟ್ಟಿಸುವಾಗ ತಗ್ಗಿನ ಕಡೆ ಒಂದು ಕೋಣೆ ಇಳಿಸಿದೆವು. ಅದರ ಹಿಂದಿನ ಗೋಡೆ ನಾಲ್ಕು ಅಡಿಯಷ್ಟು ಮಣ್ಣಿನೊಳಗಿದೆ. ಆ ಕೋಣೆಯನ್ನು ಟೈಲರಿಂಗ್ ಮಾಡುವ ಒಬ್ಬಾಕೆಗೆ ತಿಂಗಳಿಗೆ 9,000ಕ್ಕೆ ಬಾಡಿಗೆ ಕೊಟ್ಟಿದ್ದೇವೆ.

2021ರ ಮಳೆಗಾಲದಲ್ಲಿ ಆಕೆ ಮೇಲೆ ಬಂದು, “ಅಕ್ಕಾ, ಬಟ್ಟೆಯೆಲ್ಲ ವಾಸ್ನೆ ಬರ್ತಿದೆ, ಗೋಡೆ ಮುಟ್ಟಿ ನೋಡಿ” ಅಂದರು. ಮುಟ್ಟಿದರೆ ಬೆರಳಿಗೆ ಬಿಳಿ ಪುಡಿ ಅಂಟಿತು. ಇಟ್ಟಿಗೆ, ಗಾರೆಯ ಸಣ್ಣ ರಂಧ್ರಗಳೊಳಗೆ ಹರಿದುಬಂದ ನೀರು ಮೇಲ್ಮೈಗೆ ಬಂದು ಆರಿದಾಗ ಬಿಟ್ಟುಹೋಗುವ ಉಪ್ಪು ಅದು. ನಾನು ಮಾಡಿಸಿದ್ದು ಪುಟ್ಟಿ ಮತ್ತು ತೇವ ತಡೆಯುತ್ತದೆಂಬ ಪೇಂಟು. ಖರ್ಚು 18,000. ಮುಂದಿನ ಯುಗಾದಿಯ ಹೊತ್ತಿಗೆ ಅದು ಹಪ್ಪಳದಂತೆ ಎದ್ದಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ಮನೆಗಳಿಗೂ ಬೇಸ್‌ಮೆಂಟುಗಳಿಗೂ ನೀರು ನುಗ್ಗಿತಲ್ಲ, ಆಗ ಊರಿನ ಎಲ್ಲ ಒದ್ದೆ ಗೋಡೆಗಳಿಗೂ ಮಳೆಯೇ ಕಾರಣ ಎಂದು ನಾನೂ ನಂಬಿದೆ. ಒಂದು ಕಂಪನಿಯವರು ಬಂದು ಒಳಗಿನಿಂದ ‘ಕೆಮಿಕಲ್ ಟ್ರೀಟ್‌ಮೆಂಟ್’ ಮಾಡಿ 64,000 ತೆಗೆದುಕೊಂಡು ಹತ್ತು ವರ್ಷದ ವಾರಂಟಿ ಪತ್ರ ಕೊಟ್ಟರು. ಎಂಟೇ ತಿಂಗಳಲ್ಲಿ ಮತ್ತೆ ಒದ್ದೆ. ಪತ್ರದ ಹಿಂಬದಿಯಲ್ಲಿ, ಹೊರಗಿನ ಮೂಲದಿಂದ ಬರುವ ನೀರಿಗೆ ವಾರಂಟಿ ಅನ್ವಯಿಸದು ಎಂಬ ಸಾಲಿತ್ತು. ನೆಲದೊಳಗಿನ ಗೋಡೆಗೆ ನೀರು ಇನ್ನೆಲ್ಲಿಂದ ಬರಬೇಕು? ಸಹಿ ಹಾಕುವ ಮೊದಲು ಆ ಸಾಲು ಓದಬೇಕಿತ್ತು. ಆ ವರ್ಷ ಗಿರಾಕಿಯೊಬ್ಬರ ರೇಷ್ಮೆ ಸೀರೆಗೆ ಬೂಷ್ಟು ಹಿಡಿದು ಟೈಲರ್ ನಷ್ಟ ಕಟ್ಟಿಕೊಟ್ಟರು. ನಾಲ್ಕು ತಿಂಗಳ ಬಾಡಿಗೆ, 36,000, ನಾನು ಬಿಟ್ಟೆ. ಅದು ನ್ಯಾಯವಾಗಿತ್ತು.

ಸುಳಿವು ಕೊಟ್ಟದ್ದೂ ಆಕೆಯೇ. ಗೋಡೆ ತೀರಾ ಒದ್ದೆಯಾದ ದಿನಗಳನ್ನು ತಮ್ಮ ಬಿಲ್ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಟ್ಟಿದ್ದರು. “ಅಕ್ಕಾ, ಮಳೆ ಬರದಿದ್ರೂ ಹೀಗಾಗತ್ತೆ. ಕಾವೇರಿ ನೀರು ಬಿಟ್ಟ ಮರುದಿನ ಜಾಸ್ತಿ” ಅಂದರು. ಫೆಬ್ರುವರಿಯಲ್ಲೂ ಗುರುತುಗಳಿದ್ದವು. ನಮ್ಮ ಸಂಪು ಆ ಗೋಡೆಯಿಂದ ಮೂರೇ ಅಡಿ ದೂರ.

ಆಮೇಲೆ ಮಾಡಿದ್ದು ಎರಡು ಪರೀಕ್ಷೆ, ಎರಡಕ್ಕೂ ಕಾಸಿನ ಖರ್ಚಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕೂ ಅಂಚಿಗೆ ಟೇಪು ಬಿಗಿದು ಎರಡು ದಿನ ಬಿಡಬೇಕು. ಕೋಣೆಯ ಕಡೆ ಹನಿ ಕಟ್ಟಿದರೆ ಅದು ಗಾಳಿಯ ತೇವ, ಕಿಟಕಿ ತೆರೆದರೆ, ಫ್ಯಾನು ಹಾಕಿದರೆ ಸರಿಹೋದೀತು. ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯಿಂದಲೇ ಬರುತ್ತಿದೆ. ನಮ್ಮದು ಎರಡನೆಯದು. ಇನ್ನು, ರಾತ್ರಿ ಸಂಪು ತುಂಬಿಸಿ, ಮೋಟಾರು ಆಫ್ ಮಾಡಿ, ಒಳಬರುವ ವಾಲ್ವು ಮುಚ್ಚಿ, ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದೆ. ಬೆಳಿಗ್ಗೆ ನೋಡಿದರೆ ಎರಡು ಅಂಗುಲ ಇಳಿದಿತ್ತು. ಎಂಟಡಿಗೆ ಆರಡಿಯ ಸಂಪಿನಲ್ಲಿ ಎರಡು ಅಂಗುಲವೆಂದರೆ ಎಂಟು ಘನ ಅಡಿ, ಸುಮಾರು 226 ಲೀಟರ್. ಒಂದೇ ರಾತ್ರಿಯಲ್ಲಿ ಅಷ್ಟು ಕುಡಿಯುವ ನೀರು, ನಾವೇ ಬಿಲ್ಲು ಕಟ್ಟುತ್ತಿದ್ದ ನೀರು, ನಮ್ಮದೇ ಪಾಯದ ಪಕ್ಕದ ಮಣ್ಣಿಗೆ ಹೋಗುತ್ತಿತ್ತು.

ಒಳಗಿನ ಬಳಿತ ಏಕೆ ನಿಲ್ಲಲಿಲ್ಲ ಎಂಬುದೂ ಆಗ ತಿಳಿಯಿತು. ಒಂದು ಮೀಟರ್ ಎತ್ತರಕ್ಕೆ ನಿಂತ ನೀರು ತನ್ನ ಬುಡದಲ್ಲಿ ಚದರ ಮೀಟರಿಗೆ ಒಂದು ಟನ್ನಿನಷ್ಟು ಒತ್ತುತ್ತದೆ. ಹೊರಗಿನಿಂದ ಬಳಿದ ಪದರವನ್ನು ಈ ಒತ್ತಡ ಗೋಡೆಗೇ ಅಮುಕುತ್ತದೆ, ಒಳಗಿನ ಪೇಂಟನ್ನು ಗೋಡೆಯಿಂದ ಕೀಳುತ್ತದೆ. ಹಾಗಾಗಿ ನೆಲದೊಳಗಿನ ಗೋಡೆಗೆ ರಕ್ಷಣೆ ಹೊರಗಡೆಯಿಂದ ಆಗಬೇಕು. ಹಳೆಯ ದೊಡ್ಡ ಕಟ್ಟಡಗಳ ಬೇಸ್‌ಮೆಂಟಿಗೆ ನಮ್ಮ ಕಲಬುರಗಿ ಸೀಮೆಯ ಶಹಾಬಾದ್ ಕಲ್ಲನ್ನು ತಳಕ್ಕೂ ಹೊರಮೈಗೂ ಪೆಟ್ಟಿಗೆಯಂತೆ ಹೊದಿಸುತ್ತಿದ್ದುದು ಇದಕ್ಕೇ.

2023ರ ಡಿಸೆಂಬರಿನಲ್ಲಿ ಸಂಪು ಖಾಲಿ ಮಾಡಿಸಿದೆವು. ಬಿರುಕುಗಳನ್ನು ಉಳಿಯಿಂದ ಬಿಡಿಸಿ ಪಾಲಿಮರ್ ಗಾರೆ ತುಂಬಿದರು. ಗೋಡೆ ನೆಲ ಸೇರುವ ಮೂಲೆಗಳನ್ನು ದುಂಡಗೆ ಮಾಡಿ, ಕುಡಿಯುವ ನೀರಿಗೆ ಸಲ್ಲುವ ಸಿಮೆಂಟ್ ಲೇಪವನ್ನು ಎರಡು ಸಲ ಬಳಿದರು. ಕೆಟ್ಟ ಬಾಲ್ ವಾಲ್ವ್ ಬದಲಾಯಿತು. ಎಲ್ಲ ಸೇರಿ 22,000.

ಮಳೆಯ ಪಾಲೂ ಇಲ್ಲದಿರಲಿಲ್ಲ. 2009ರಿಂದ ನಮ್ಮಂಥ ಹೊಸ ಮನೆಗಳಿಗೆ ಮಳೆಕೊಯ್ಲು ಕಡ್ಡಾಯವಾದ್ದರಿಂದ, ಕಟ್ಟಿಸುವಾಗ ತಾರಸಿಯ ಕೊಳವೆ ಇಳಿಯುವಲ್ಲೇ, ಗೋಡೆಯ ಬುಡದಲ್ಲೇ, ಇಂಗುಗುಂಡಿ ತೋಡಿಸಿದ್ದೆವು. ಸಾವಿರ ಚದರಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ಅಷ್ಟನ್ನೂ ಪಾಯಕ್ಕೆ ಕುಡಿಸುತ್ತಿದ್ದೆವು. ಗುಂಡಿ ಮುಚ್ಚಿಸಿ, ಕೊಳವೆಯನ್ನು ಫಿಲ್ಟರ್ ಮೂಲಕ ಸಂಪಿಗೆ ತಿರುಗಿಸಿ, ಗೋಡೆಯ ಬುಡದ ನೆಲಕ್ಕೆ ಹೊರವಾಟ ಕೊಡಿಸಿದ್ದಕ್ಕೆ 7,500.

ಹೊರಗೆ ಅಗೆದು ಮೆಂಬ್ರೇನ್ ಹಾಕಲು ಒಬ್ಬರು 2,40,000 ಕೇಳಿದ್ದರು. ಪಕ್ಕದ ಮನೆಗೆ ಮೂರೇ ಅಡಿ ಇರುವಲ್ಲಿ ಅವರ ಪಾಯವನ್ನೂ ಅಪಾಯಕ್ಕೆ ಒಡ್ಡುವ ಕೆಲಸ, ಬೇಡವೆಂದೆ. ಮನಸ್ಸಿಗೆ ನೋವಾಗುವುದು ಬೇರೆ ವಿಷಯಕ್ಕೆ. 2011ರಲ್ಲಿ ಮಣ್ಣು ತುಂಬುವ ಮುನ್ನ ಗೋಡೆಯ ಹೊರಮೈ ಬಯಲಾಗಿತ್ತು. ಆಗ ಅದೇ ರಕ್ಷಣೆಗೆ ಎಸ್ಟಿಮೇಟಿನಲ್ಲಿದ್ದ 35,000ವನ್ನು ನಾನೇ ಹೊಡೆದು ಹಾಕಿ, ಮೆಟ್ಟಿಲಿನ ಗ್ರಾನೈಟಿಗೆ ಸೇರಿಸಿದ್ದೆ. ಎಸ್ಟಿಮೇಟಿನಲ್ಲಿ ಏನಾದರೂ ಕಡಿಮೆ ಮಾಡಲೇಬೇಕಿದ್ದರೆ, ಮುಂದೆ ಕೈಗೆ ಎಟುಕುವುದನ್ನು ಕಡಿಮೆ ಮಾಡಿ. ಗ್ರಾನೈಟನ್ನು ಯಾವ ವರ್ಷ ಬೇಕಾದರೂ ಹಾಕಿಸಬಹುದಿತ್ತು.

ಬೇರೆಯವರ ಹಣ ಬರುತ್ತದೆಯೇ ಎಂದೂ ಹುಡುಕಿದೆ. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪ್ರವಾಹಕ್ಕೆ, ಟ್ಯಾಂಕು ಅಥವಾ ಪೈಪು ಒಡೆದು ಆಗುವ ಹಾನಿಗೆ ಪರಿಹಾರವುಂಟು. ವರ್ಷಗಟ್ಟಲೆ ಮೆಲ್ಲಗೆ ಏರುವ ಥಂಡಿ ಆ ಪಟ್ಟಿಯಲ್ಲಿಲ್ಲ. ಬಿಲ್ಡರ್‌ನಿಂದ ಫ್ಲಾಟು ಕೊಂಡವರ ಸ್ಥಿತಿ ಉತ್ತಮ: 2016ರ ರೇರಾ ಕಾಯ್ದೆಯ ಪ್ರಕಾರ, ಸ್ವಾಧೀನ ಪಡೆದ ಐದು ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಿಕೊಡಬೇಕು. ಬೇಸ್‌ಮೆಂಟಿನಲ್ಲಿ ತೇವ ಕಂಡವರು ಪೇಂಟು ಬಳಿಸುವ ಮೊದಲು ಫೋಟೊ ತೆಗೆದು, ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಲಿ.

ಸಂಪು ಸರಿಯಾದ ಮೇಲೂ ಗೋಡೆ ಒಣಗಲು ನಾಲ್ಕು ತಿಂಗಳು ಹಿಡಿಯಿತು. ಒದ್ದೆಯ ಗುರುತಿಗಿಂತ ಒಂದಡಿ ಮೇಲಿನವರೆಗೆ ಪ್ಲಾಸ್ಟರ್ ಕಿತ್ತು, ಇಟ್ಟಿಗೆಯನ್ನು ಗಾಳಿಗೆ ಬಿಟ್ಟು, ಉಪ್ಪನ್ನು ಆಗಾಗ ಒಣಬ್ರಷ್ಷಿನಿಂದ ಉಜ್ಜಿ ತೆಗೆದೆವು. ಮತ್ತೆ ಪ್ಲಾಸ್ಟರ್ ಮಾಡಿಸಿದ್ದು ಪ್ಲಾಸ್ಟಿಕ್ ಹಾಳೆಯ ಹಿಂದೆ ಹನಿ ಕಾಣದಾದ ಮೇಲೆಯೇ. ಈಗ ಬಾಡಿಗೆಯಲ್ಲಿ ತಿಂಗಳಿಗೆ 1,000 ಆರ್‌.ಡಿ.ಗೆ ಹೋಗುತ್ತದೆ, ಸಂಪಿನ ಮುಂದಿನ ಲೇಪಕ್ಕೆ. ವರ್ಷಕ್ಕೊಮ್ಮೆ ರಾತ್ರಿ ಗೆರೆ ಎಳೆದು ಬೆಳಿಗ್ಗೆ ನೋಡುತ್ತೇನೆ.

ಟೈಲರ್ ತಮ್ಮ ಬಟ್ಟೆಯ ರ‍್ಯಾಕನ್ನು ಆ ಗೋಡೆಗೇ ತಂದಿಟ್ಟಿದ್ದಾರೆ, ಆದರೆ ಅರ್ಧ ಅಡಿ ಬಿಟ್ಟು. ಆ ಸಂದಿಗೆ ಕೈ ಹಾಕಿ ಗೋಡೆ ಮುಟ್ಟಿ ನೋಡುವುದು ಇಬ್ಬರಿಗೂ ಅಭ್ಯಾಸವಾಗಿದೆ.