ಕೈಯಾಟದ ಪರದೆ: ಕೊಳ್ಳುವ ಮುನ್ನ

ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಸಾಧನ ಕೊಳ್ಳಲು ಹೊರಟಿದ್ದೀರಾ? ಎಲ್‌ಸಿಡಿಯೋ ಒಎಲ್‌ಇಡಿಯೋ ಎಂಬ ಗೊಂದಲ ನಿಮ್ಮನ್ನೂ ಕಾಡುತ್ತಿರಬಹುದು.

ಎಲ್‌ಸಿಡಿ ಪರದೆಯ ಹಿಂದೆ ಸದಾ ದೀಪ ಉರಿಯುತ್ತಿರುತ್ತದೆ. ಅದರ ಬೆಳಕು ಅಷ್ಟಿಷ್ಟು ಸೋರುವುದರಿಂದ ಕಪ್ಪು ಬಣ್ಣ ಬೂದು ಬಣ್ಣಕ್ಕೆ ತಿರುಗುತ್ತದೆ. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಾಗ ಪೂರ್ತಿ ಆರುತ್ತದೆ. ಹಾಗಾಗಿ ಅಮಾವಾಸ್ಯೆಯ ಕತ್ತಲು ಕತ್ತಲಾಗಿಯೇ ಕಾಣುತ್ತದೆ.

ಹಾಗೆಂದು ಹೆಸರಿಗೆ ಮರುಳಾಗಬೇಡಿ. 2021ರ ನಿಂಟೆಂಡೊ ಸ್ವಿಚ್ ಒಎಲ್‌ಇಡಿ ಮಾದರಿಯ 7 ಇಂಚಿನ ಪರದೆಗೆ ಬಣ್ಣದ ಸೊಗಸಿದೆ. ಸ್ಪಷ್ಟತೆ ಮಾತ್ರ ಹಳೆಯದರಷ್ಟೇ, 720ಪಿ. 2025ರ ಸ್ವಿಚ್ 2 ಮತ್ತೆ ಎಲ್‌ಸಿಡಿಗೇ ಮರಳಿತು. ಆದರೆ ಅದು 7.9 ಇಂಚು, 1080ಪಿ, 120 ಹರ್ಟ್ಸ್‌ವರೆಗಿನ ವೇಗ. ಸ್ಟೀಮ್ ಡೆಕ್‌ನ ಕಥೆ ಬೇರೆ: 2023ರಲ್ಲಿ ಒಎಲ್‌ಇಡಿ ಬಂದಾಗ ಪರದೆ 7ರಿಂದ 7.4 ಇಂಚಿಗೆ, ವೇಗ 60ರಿಂದ 90 ಹರ್ಟ್ಸ್‌ಗೆ ಏರಿತು.

ಒಎಲ್‌ಇಡಿಗೂ ಒಂದು ಕೊರತೆಯಿದೆ. ಸ್ಕೋರು, ನಕ್ಷೆಯಂಥ ಕದಲದ ಚಿತ್ರ ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಅದರ ಅಚ್ಚು ಪರದೆಯ ಮೇಲೆ ಉಳಿದುಬಿಡಬಹುದು. ಬೆಳಕನ್ನು ಕೊಂಚ ತಗ್ಗಿಸಿಡಿ, ಆಡದಾಗ ಪರದೆ ಆರಿಸಿ.

ರಾತ್ರಿ ದೀಪ ಆರಿಸಿ ಆಡುವವರಿಗೆ ಒಎಲ್‌ಇಡಿ ಹಿತ. ವರ್ಷಗಟ್ಟಲೆ ಒಂದೇ ಆಟಕ್ಕೆ ಅಂಟಿಕೊಳ್ಳುವವರಿಗೆ, ಜೇಬು ನೋಡಿ ಖರ್ಚು ಮಾಡುವವರಿಗೆ ಒಳ್ಳೆಯ ಎಲ್‌ಸಿಡಿ ಸಾಕು. ಸಾಧ್ಯವಾದರೆ ಅಂಗಡಿಯಲ್ಲಿ ಎರಡನ್ನೂ ಕೈಗೆತ್ತಿಕೊಂಡು, ಕತ್ತಲ ದೃಶ್ಯವೊಂದನ್ನು ಹಾಕಿಸಿ ನೋಡಿ. ಆಮೇಲೆ ದುಡ್ಡು ಕೊಡಿ.