ಕೊಳ್ಳುವ ಮುನ್ನ ‘ಟು ಲೆಟ್’ ಬೋರ್ಡು ಎಣಿಸಿ

ಬೆಂಗಳೂರಿನ ಜನಸಂಖ್ಯೆ 2001ರಲ್ಲಿ ಸುಮಾರು 57 ಲಕ್ಷ. 2011ರ ಜನಗಣತಿಯ ಹೊತ್ತಿಗೆ 85 ಲಕ್ಷ. ಕೆಲಸ ಅರಸಿ ಬಂದವರಿಗೆಲ್ಲ ಸೂರು ಬೇಕಲ್ಲ, ಬೆಲೆ ಏರದೆ ಇದ್ದೀತೇ? ಆದರೆ ಬಂದವರು ಹೋಗಲೂಬಹುದು. 2020ರಲ್ಲಿ ಕೋವಿಡ್‌ಗೆ ಹೆದರಿ ಐಟಿ ಹುಡುಗರು ಊರು ಸೇರಿದಾಗ ವೈಟ್‌ಫೀಲ್ಡ್, ಮಾರತ್ತಹಳ್ಳಿಯ ಪಿಜಿಗಳು ಖಾಲಿ ಹೊಡೆದವು. ಬಾಡಿಗೆ ನಂಬಿ ಸಾಲ ಮಾಡಿದವರ ಪಾಡು ಕೇಳಬೇಡಿ. ಕಚೇರಿಗಳು ತೆರೆದ ಮೇಲೆ, 2022-23ರಲ್ಲಿ, ಅದೇ ಬೀದಿಗಳಲ್ಲಿ ಬಾಡಿಗೆ ಗಗನಕ್ಕೇರಿತು.

ಹಾಗಾಗಿ “ಮೆಟ್ರೋ ಬರುತ್ತೆ ಸಾರ್, ಡಬಲ್ ಆಗುತ್ತೆ” ಎನ್ನುವ ಬ್ರೋಕರ್ ಮಾತಿಗೆ ಮುಂಗಡ ಕೊಡಬೇಡಿ. ಆ ಬಡಾವಣೆಯಲ್ಲಿ ಎಷ್ಟು ಮನೆ ಖಾಲಿ ಇವೆ, ಕಾವೇರಿ ನೀರೋ ಟ್ಯಾಂಕರೋ ವಿಚಾರಿಸಿ. ಖಾತಾ ನೋಡಿ, ಫ್ಲ್ಯಾಟ್ ಆದರೆ ರೇರಾ ಸಂಖ್ಯೆಯನ್ನೂ ನೋಡಿ. ವಾಸಕ್ಕೆಂದೇ ಆದರೆ ಒಂದು ವರ್ಷ ಅಲ್ಲೇ ಬಾಡಿಗೆಗಿದ್ದು ಆಮೇಲೆ ಕೊಳ್ಳಿ.