ಹೊಲಿಗೆ ಕೂಡಬೇಕಾದರೆ ಹೊಗೆ ಬಿಡು

ನೋಡಪ್ಪ, ಇಷ್ಟು ತೂಕ ಇಳಿಸಿದ್ದು ಹುಡುಗಾಟದ ಮಾತಲ್ಲ. ಕೊಬ್ಬು ಕರಗಿತು, ಆದರೆ ಚರ್ಮ ಕುಗ್ಗಲಿಲ್ಲ. ಹೊಟ್ಟೆಯ ಕೆಳಗೆ ಮಡಿಕೆಯಾಗಿ ಜೋತು ಬಿತ್ತು. ಬೇಸಿಗೆಯಲ್ಲಿ ಆ ಮಡಿಕೆಯೊಳಗೆ ಬೆವರು ನಿಂತು, ಕೆಂಪಾಗಿ, ಕೆರೆದು, ವಾಸನೆ ಬರುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಅದನ್ನು ತೆಗೆಸಲು ಬೆಂಗಳೂರಿಗೆ ಹೋಗುತ್ತೇನೆ ಎಂದು ನೀನು ಹೇಳಿದಾಗ ಅರಳಿಕಟ್ಟೆಯಲ್ಲಿ ಕೂತವರು ಶೋಕಿ ಅಂದರು. ನಾನು ಹಾಗನ್ನುವುದಿಲ್ಲ. ಆಪರೇಷನ್ ಬೇಕೋ ಬೇಡವೋ ಅನ್ನುವುದು ನೀನೂ ನಿನ್ನ ಡಾಕ್ಟರೂ ಕೂತು ತೀರ್ಮಾನಿಸುವ ವಿಷಯ. ಸರ್ಜರಿ ವಾರ್ಡಿನಲ್ಲಿ ಡ್ರೆಸಿಂಗ್ ಮಾಡುತ್ತಲೇ ನಿವೃತ್ತಳಾದವಳು ನಾನು. ನನ್ನ ತಕರಾರು ಇರುವುದು ನಿನ್ನ ಜೇಬಿನ ಸಿಗರೇಟಿನ ಬಗ್ಗೆ.

ಈ ಆಪರೇಷನ್ ಸಣ್ಣ ಗಂಟು ತೆಗೆದು ಹೊಲಿಯುವ ಕೆಲಸವಲ್ಲ. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ಯುತ್ತಾರೆ. ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಸ್ನಾಯುವಿನಿಂದ ಬಿಡಿಸಿ ಪಕ್ಕೆಲುಬಿನ ಕಡೆಗೆ ಎತ್ತುತ್ತಾರೆ. ಆಮೇಲೆ ಅದನ್ನು ಕೆಳಗೆಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಬಿಗಿಯಾಗಿ ಹೊಲಿಯುತ್ತಾರೆ. ಹಾಗೆ ಬಿಡಿಸುವಾಗ ಸ್ನಾಯುವಿನಿಂದ ನೇರವಾಗಿ ಚರ್ಮಕ್ಕೆ ಬರುತ್ತಿದ್ದ ಎಷ್ಟೋ ರಕ್ತನಾಳಗಳು ತುಂಡಾಗುತ್ತವೆ. ಇನ್ನು ರಕ್ತ ಪಕ್ಕಗಳಿಂದ ಸುತ್ತಿಕೊಂಡು ಬರಬೇಕು. ಕೆಳಗೆ ನಡುಮಧ್ಯದ ಹೊಲಿಗೆ ಎಲ್ಲಕ್ಕಿಂತ ದೂರ. ನಮ್ಮ ಮಾರ್ಕೋನಹಳ್ಳಿ ನಾಲೆಯ ಕೊನೆಯ ಗದ್ದೆಯವರನ್ನು ಕೇಳು: ಶಿಂಷೆ ತುಂಬಿ ಹರಿದು ಡ್ಯಾಂ ಭರ್ತಿಯಾಗಿದ್ದರೂ, ಮೇಲೆ ನೀರು ಕಟ್ಟಿದರೆ ಮೊದಲು ಒಣಗುವ ಪೈರು ಯಾರದು ಅಂತ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಅದರ ಮೇಲೆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಬೇರೆ. ಅದು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಅಲ್ಲಿಗೆ ತಲುಪುವ ಅಷ್ಟಿಷ್ಟು ರಕ್ತದಲ್ಲೂ ಆಮ್ಲಜನಕ ಸಾಲದು. ಗಾಯಕ್ಕೆ ಸೇರಿದ ರೋಗಾಣುಗಳನ್ನು ಬಿಳಿ ರಕ್ತಕಣಗಳು ಕೊಲ್ಲುವುದಕ್ಕೂ, ಅಂಚುಗಳು ಕೂಡುವುದಕ್ಕೂ ಆಮ್ಲಜನಕವೇ ಬೇಕು. ಆಂಟಿಬಯಾಟಿಕ್ ಇದೆಯಲ್ಲ ಅನ್ನಬೇಡ. ಆ ಔಷಧಿಯೂ ರಕ್ತದ ಜೊತೆಗೇ ಬರಬೇಕು. ರಕ್ತ ಹೋಗದ ಕಡೆ ಅದೂ ಹೋಗುವುದಿಲ್ಲ.

ಹಾಗೆ ರಕ್ತ ಸಾಲದೆ ಹೋದರೆ, ಮೊದಲ ಎರಡು ಮೂರು ದಿನ ಡ್ರೆಸಿಂಗ್ ಬಿಚ್ಚಿದಾಗ ಎಲ್ಲ ಚೆನ್ನಾಗಿಯೇ ಕಂಡೀತು. ಆಮೇಲೆ ಹೊಲಿಗೆಯ ಅಂಚು ನೇರಳೆಗೆ ತಿರುಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಚರ್ಮ ಬಿಳಿಚಿಕೊಂಡು ಮತ್ತೆ ರಂಗು ಬರಬೇಕು, ಬರುವುದಿಲ್ಲ. ದಿನ ಕಳೆದಂತೆ ಅದೇ ಜಾಗ ಕಪ್ಪಾಗಿ ಗಟ್ಟಿಯಾಗುತ್ತದೆ, ಅಡಿಯಿಂದ ಕೀವು ಒಸರುತ್ತದೆ. ಸತ್ತ ಚರ್ಮ ಕತ್ತರಿಸಿ ತೆಗೆದರೆ ಅಂಗೈಯಗಲದ ಹಳ್ಳ. ಕೀವಾದ ಗಾಯವನ್ನು ಕೂಡಲೇ ಹೊಲಿಯುವಂತಿಲ್ಲ. ದಿನವೂ ತೊಳೆದು, ಗಾಜ್ ಬಟ್ಟೆ ತುಂಬಿ, ಮರುದಿನ ಅದನ್ನು ಎಳೆದು, ತಳದಿಂದ ಹೊಸ ಮಾಂಸ ಬೆಳೆಯುವವರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ಆ ಬಟ್ಟೆ ಎಳೆಯುವಾಗ ಗಟ್ಟಿ ಗಂಡಸರು ಮಂಚದ ಕಂಬಿ ಹಿಡಿದು ಅತ್ತದ್ದನ್ನು ಕಂಡಿದ್ದೇನೆ. ನಿನ್ನನ್ನು ಹಾಗೆ ನೋಡಲು ನನಗೆ ಇಷ್ಟವಿಲ್ಲ.

ಇದು ಬರೀ ನನ್ನ ವಾರ್ಡಿನ ಮಾತೂ ಅಲ್ಲ. ಡೆನ್ಮಾರ್ಕಿನಲ್ಲಿ 78 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಬೆನ್ನಿನ ಕೆಳಭಾಗದಲ್ಲಿ ಸಣ್ಣ ಗಾಯ ಮಾಡಿ ಪರೀಕ್ಷಿಸಿದರು. ಅದರ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಸೇದುವವರ ಗಾಯಗಳಲ್ಲಿ ಶೇ 12ಕ್ಕೆ ಸೋಂಕು ತಗುಲಿತು, ಎಂದೂ ಸೇದದವರಲ್ಲಿ ಶೇ 2ಕ್ಕೆ. ನಾಲ್ಕು ವಾರ ಬಿಟ್ಟವರಲ್ಲಿ ಸೋಂಕು ಸ್ಪಷ್ಟವಾಗಿ ಇಳಿಯಿತು. ಈ ಕೊನೆಯ ಮಾತನ್ನು ಎರಡು ಸಲ ಓದು. ಇಷ್ಟು ವರ್ಷ ಸೇದಿದ ಮೇಲೆ ಈಗ ಬಿಟ್ಟು ಏನು ಬಂತು ಅನ್ನುವ ನಿನ್ನ ನೆವ ಅಲ್ಲಿಗೆ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲಿ ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲು ಬಿಡಿ ಎಂದೇ ಹೇಳಿದೆ. ಆಪರೇಷನ್ ಆದ ಮೇಲೂ ನಾಲ್ಕು ವಾರ ಮುಟ್ಟಬೇಡ. ಎಂದೆಂದಿಗೂ ಮುಟ್ಟದಿದ್ದರೆ ಇನ್ನೂ ಸಂತೋಷ.

ಸಿಗರೇಟು ಬಿಟ್ಟು ಬೀಡಿ ಹಿಡಿದರೆ ಬಿಟ್ಟಂತಾಗುವುದಿಲ್ಲ. ಬೀಡಿಯ ಹೊಗೆಯಲ್ಲಿ ನಿಕೋಟಿನ್ನೂ ಕಾರ್ಬನ್ ಮಾನಾಕ್ಸೈಡೂ ಇನ್ನೂ ಜಾಸ್ತಿ. ಕಡ್ಡಿಪುಡಿ, ಎಲೆಅಡಿಕೆ ಜೊತೆಯ ಹೊಗೆಸೊಪ್ಪಿನಲ್ಲಿ ಹೊಗೆ ಇಲ್ಲ, ನಿಕೋಟಿನ್ ಇದೆ. ಮನೆಯಲ್ಲಿ ಬೇರೆಯವರು ಸೇದುತ್ತಿದ್ದರೆ ಅಂಗಳಕ್ಕೆ ಕಳಿಸು. ಬಿಡಲು ನಿಕೋಟಿನ್ ಪ್ಯಾಚ್ ಬೇಕೆನಿಸಿದರೆ ಸರ್ಜನ್ನರನ್ನು ಕೇಳಿಯೇ ಹಚ್ಚಿಕೋ. ಅವರಿಗೆ ಸುಳ್ಳು ಮಾತ್ರ ಹೇಳಬೇಡ. ಕೆಲವರು ಮೂತ್ರದಲ್ಲಿ ನಿಕೋಟಿನ್ನಿನ ಗುರುತಾದ ಕೋಟಿನಿನ್ ಪರೀಕ್ಷೆ ಮಾಡಿಸುತ್ತಾರೆ, ಮೊನ್ನೆ ಸೇದಿದ್ದೂ ಅದರಲ್ಲಿ ಗೊತ್ತಾಗುತ್ತದೆ. ಪರೀಕ್ಷೆಯಿಂದ ತಪ್ಪಿಸಿಕೊಂಡರೂ ಗಾಯವನ್ನು ವಂಚಿಸಲಾಗದು.

ಇನ್ನೊಂದು ಮಾತು. ತೂಕ ಇಳಿಸಲು ಊಟ ಕಡಿಮೆ ಮಾಡಿದವರಲ್ಲಿ ಪ್ರೋಟೀನು, ಕಬ್ಬಿಣಾಂಶ ಕುಸಿದಿರುವುದು ಸಾಮಾನ್ಯ. ರಕ್ತ ಪರೀಕ್ಷೆ ಮಾಡಿಸು. ಮುದ್ದೆ ಸಣ್ಣದಿರಲಿ, ಹುರುಳಿ ಸಾರು, ಮೊಟ್ಟೆ, ಕಾಳು ಹೆಚ್ಚಿರಲಿ. ಊರಿಗೆ ಮರಳಿದ ಮೇಲೆ ಹೊಲಿಗೆಯ ಮೇಲೆ ಅರಿಸಿನವನ್ನೋ ಕಾಫಿಪುಡಿಯನ್ನೋ ಯಾರು ಹಚ್ಚಲು ಬಂದರೂ ಬಿಡಬೇಡ. ಜ್ವರ ಬಂದರೆ, ಕೆಂಪು ಹರಡಿದರೆ, ಕೀವು, ವಾಸನೆ, ಕಪ್ಪು ಬಣ್ಣ ಕಂಡರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡು.

ಬಿಡಲು ಒಬ್ಬನೇ ಒದ್ದಾಡಬೇಕಿಲ್ಲ. ಸಿಗರೇಟು ಪ್ಯಾಕಿನ ಮೇಲೇ 1800-11-2356 ಎಂಬ ಸಂಖ್ಯೆ ಇದೆ, ದುಡ್ಡು ಕೊಡಬೇಕಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಮಾಡು. ನಾಲ್ಕು ವಾರ ಬಿಡಲು ಆಗದಿದ್ದರೆ ಸರ್ಜನ್ನರಿಗೆ ಹೇಳಿ ಆಪರೇಷನ್ ಮುಂದಕ್ಕೆ ಹಾಕಿಸು. ಇದು ತುರ್ತಿನದಲ್ಲ, ಆರು ತಿಂಗಳು ತಡವಾದರೂ ನಷ್ಟವಿಲ್ಲ.